ವಿಜ್ಞಾನಿ ಮ್ಯಾಕ್ಸ್‌ವೆಲ್: ಪತ್ರಮುಖದಿಂದ ಬೆಳಗಿದ ವಿದ್ಯೆ

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂಬುದು ಹಿರಿಯರ ನಂಬುಗೆ. ಆದರೆ ಕೊಡುವವನು ಒಬ್ಬನಿದ್ದರೆ ಸಾಲದು; ಕೇಳುವವನೂ ಇರಬೇಕು. ಕೇಳುವವನಲ್ಲಿ ವಿನಯವೂ ಕೊಡುವವನಲ್ಲಿ ಔದಾರ್ಯವೂ ಕೂಡಿಬಂದಾಗಲೇ ವಿದ್ಯೆಯು ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಬೆಳೆದು ಸಾಗುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಾನಾ ಕಾಯಕಗಳ ಶರಣರು ಒಂದೆಡೆ ಸೇರಿ, ಹಿರಿಯ ಕಿರಿಯರೆಂಬ ಭೇದವಿಲ್ಲದೆ ಪ್ರಶ್ನೆ ಕೇಳಿ ಉತ್ತರ ಪಡೆದರೆಂಬುದನ್ನು ನಾಡು ಭಕ್ತಿಯಿಂದ ಸ್ಮರಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿಯೂ ಅಂತಹುದೇ ಒಂದು ಜ್ಞಾನಗೋಷ್ಠಿ ನಡೆದಿತ್ತು. ಅದಕ್ಕೆ ಮಂಟಪವಿರಲಿಲ್ಲ, ಪೀಠವಿರಲಿಲ್ಲ; ಅಂಚೆಯ ಚೀಲವೇ ಅದರ ಮಂಟಪ. ವಿದ್ಯುತ್ತು, ಅಯಸ್ಕಾಂತ ಶಕ್ತಿ, ಬೆಳಕು ಇವು ಮೂರೂ ಮೂಲದಲ್ಲಿ ಒಂದೇ ಎಂಬ ಮಹಾಸಿದ್ಧಾಂತವು ರೂಪುಗೊಂಡದ್ದು ಆ ಪತ್ರಗೋಷ್ಠಿಯಲ್ಲಿ. ಅದರ ಮಧ್ಯಮಣಿಯಾಗಿದ್ದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್.

ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಹಳ್ಳಿಯ ಮನೆಗಳಲ್ಲಿ ದೀಪ ಬೆಳಗಿದಾಗ, ರೇಡಿಯೋ ನುಡಿದಾಗ, ಅಂಗೈಯಷ್ಟಗಲದ ದೂರವಾಣಿಯಲ್ಲಿ ದೂರದ ಮಗನ ಧ್ವನಿ ಕೇಳಿದಾಗ, ಆ ಗೋಷ್ಠಿಯ ಫಲವನ್ನೇ ಜನರು ಉಣ್ಣುತ್ತಿದ್ದಾರೆ. ಫಲವನ್ನು ಉಂಡವರು ಮರವನ್ನು ನೆಟ್ಟವರ ಬಾಳನ್ನೂ ಅರಿಯುವುದು ಉಚಿತ.

ಜನನ ಮತ್ತು ಬಾಲ್ಯ

ಮ್ಯಾಕ್ಸ್‌ವೆಲ್ಲನು 1831ನೆಯ ಇಸವಿ ಜೂನ್ 13ರಂದು ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆ ಜಾನ್ ಕ್ಲರ್ಕ್ ಮ್ಯಾಕ್ಸ್‌ವೆಲ್ ವಕೀಲಿಯನ್ನು ಕಲಿತಿದ್ದರೂ ಯಂತ್ರೋಪಕರಣಗಳಲ್ಲಿ ಹೆಚ್ಚು ಆಸಕ್ತನು. ತಾಯಿ ಫ್ರಾನ್ಸಿಸ್ ಕೇ ವಿದ್ಯಾವತಿ, ದೈವಭಕ್ತೆ. ಮನೆತನಕ್ಕೆ ಸೇರಿದ ಗ್ಲೆನ್‌ಲೇರ್ ಎಂಬ ಹಳ್ಳಿಗಾಡಿನ ಜಮೀನಿನಲ್ಲಿ ಬಾಲಕನ ಬಾಲ್ಯವು ಕಳೆಯಿತು. ಮನೆಯ ಬೀಗ, ಗಂಟೆಯ ತಂತಿ, ಹೊಳೆಯ ನೀರು, ಏನನ್ನು ಕಂಡರೂ ಅದು ಹೇಗೆ ನಡೆಯುತ್ತದೆಂದು ಕೇಳುವುದು ಅವನ ಸ್ವಭಾವ. ಹೇಳಿದ ಉತ್ತರ ತೃಪ್ತಿಯಾಗದಿದ್ದರೆ ಮತ್ತೆ ಕೇಳದೆ ಬಿಡುತ್ತಿರಲಿಲ್ಲ. ಆ ಪ್ರಶ್ನೆಗಳಿಗೆ ಬೇಸರವಿಲ್ಲದೆ ಉತ್ತರ ಕೊಟ್ಟ ಮೊದಲ ಗುರು ಅವನ ತಾಯಿ. ಆದರೆ 1839ರಲ್ಲಿ, ಮಗನಿಗೆ ಎಂಟು ವರ್ಷವಾಗಿದ್ದಾಗ, ಆಕೆ ಉದರದ ಅರ್ಬುದರೋಗದಿಂದ ತೀರಿಕೊಂಡಳು.

1841ರಲ್ಲಿ ಬಾಲಕನನ್ನು ಎಡಿನ್‌ಬರೋ ಅಕಾಡೆಮಿ ಎಂಬ ಶಾಲೆಗೆ ಸೇರಿಸಲಾಯಿತು. ತಂದೆಯೇ ಯೋಚಿಸಿ ಮಾಡಿಸಿದ್ದ ವಿಚಿತ್ರ ಅಂಗಿ, ಪಾದರಕ್ಷೆಗಳನ್ನು ತೊಟ್ಟು, ಹಳ್ಳಿಯ ನುಡಿಯನ್ನಾಡುತ್ತ ಬಂದ ಹುಡುಗನನ್ನು ಸಹಪಾಠಿಗಳು ಹಾಸ್ಯಮಾಡಿ, ಪೆದ್ದನೆಂಬ ಅರ್ಥದ ಅಡ್ಡಹೆಸರಿಟ್ಟರು. ಹಳ್ಳಿಯಿಂದ ಪೇಟೆಯ ಶಾಲೆಗೆ ಬಂದ ಮಕ್ಕಳ ಪಾಡು ಎಲ್ಲ ದೇಶಗಳಲ್ಲಿಯೂ ಒಂದೇ. ಆ ಪೆದ್ದನೇ ಹದಿನಾಲ್ಕನೆಯ ವಯಸ್ಸಿನಲ್ಲಿ, ಗುಂಡುಸೂಜಿಗಳಿಗೆ ದಾರವನ್ನು ಸುತ್ತಿ ಮೊಟ್ಟೆಯಾಕಾರದ ವಕ್ರರೇಖೆಗಳನ್ನು ಎಳೆಯುವ ಹೊಸ ಕ್ರಮವೊಂದನ್ನು ಕಂಡುಹಿಡಿದನು. ಅದನ್ನು ಕುರಿತ ಲೇಖನವನ್ನು 1846ರಲ್ಲಿ ಎಡಿನ್‌ಬರೋದ ರಾಯಲ್ ಸೊಸೈಟಿಯ ಮುಂದೆ ಫೋರ್ಬ್ಸ್ ಎಂಬ ಪ್ರಾಧ್ಯಾಪಕನು ಹುಡುಗನ ಪರವಾಗಿ ಓದಿದನು. ಪೀಟರ್ ಟೇಟ್ ಮತ್ತು ಲೂಯಿಸ್ ಕ್ಯಾಂಪ್‌ಬೆಲ್ ಎಂಬ ಇಬ್ಬರು ಆಜೀವ ಮಿತ್ರರು ದೊರೆತದ್ದೂ ಆ ಶಾಲೆಯಲ್ಲಿಯೇ. ಮುಂದೆ ಟೇಟನು ಭೌತವಿಜ್ಞಾನಿಯಾಗಿ ಪತ್ರಗೋಷ್ಠಿಯ ಒಡನಾಡಿಯಾದನು. ಕ್ಯಾಂಪ್‌ಬೆಲ್ಲನು ಮಿತ್ರನ ಜೀವನಚರಿತ್ರೆಯನ್ನು ಬರೆದನು.

ವಿದ್ಯಾಭ್ಯಾಸ: ಮೊದಲ ಪತ್ರ

1847ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯವನ್ನೂ 1850ರಲ್ಲಿ ಕೇಂಬ್ರಿಜ್ಜನ್ನೂ ಸೇರಿ, 1854ರ ಪ್ರಸಿದ್ಧ ಗಣಿತಪರೀಕ್ಷೆಯಲ್ಲಿ ಮ್ಯಾಕ್ಸ್‌ವೆಲ್ಲನು ಎರಡನೆಯವನಾಗಿ ತೇರ್ಗಡೆ ಹೊಂದಿದನು. ಇಷ್ಟು ದೊಡ್ಡ ಪರೀಕ್ಷೆಯನ್ನು ಗೆದ್ದ ಇಪ್ಪತ್ತೆರಡು ವರ್ಷದ ತರುಣನು ಮುಂದಿನ ಕೆಲವೇ ವಾರಗಳಲ್ಲಿ ಮಾಡಿದ ಕೆಲಸವು ಗಮನಾರ್ಹವಾದುದು. ಅದೇ ವರ್ಷ ಫೆಬ್ರವರಿ 20ರಂದು ಅವನು ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿದ್ದ ವಿಲಿಯಂ ಥಾಮ್ಸನ್ನನಿಗೆ ಒಂದು ಪತ್ರವನ್ನು ಬರೆದನು. ಈ ಥಾಮ್ಸನ್ನನೇ ಮುಂದೆ ಲಾರ್ಡ್ ಕೆಲ್ವಿನ್ ಎಂದು ಖ್ಯಾತನಾದವನು. ಮ್ಯಾಕ್ಸ್‌ವೆಲ್ಲನಿಗಿಂತ ಏಳು ವರ್ಷ ಹಿರಿಯನು. ಪತ್ರದ ಸಾರವಿಷ್ಟೆ: ವಿದ್ಯುಚ್ಛಾಸ್ತ್ರದಲ್ಲಿ ತನಗಿರುವ ಜ್ಞಾನ ಅತ್ಯಲ್ಪ, ಅದನ್ನು ಮೊದಲಿನಿಂದ ಕಲಿಯಬೇಕೆಂದಿರುವವನು ಯಾವ ಗ್ರಂಥಗಳನ್ನು ಯಾವ ಕ್ರಮದಲ್ಲಿ ಓದಬೇಕು?

ಅಧ್ಯಯನವು ಮುಗಿಯಿತೆಂದು ಇತರರು ಭಾವಿಸುವ ಹೊತ್ತಿನಲ್ಲಿ ಅಕ್ಷರಾಭ್ಯಾಸದ ಮಣೆಯ ಮೇಲೆ ಮತ್ತೆ ಕುಳಿತ ವಿನಯವಿದು. ಥಾಮ್ಸನ್ನನ ಔದಾರ್ಯವೂ ಕಡಿಮೆಯದಲ್ಲ. ವಿದ್ಯುತ್ತಿನ ಗಣಿತವನ್ನು ಆ ಕಾಲದಲ್ಲಿ ಅವನಷ್ಟು ಬಲ್ಲವರು ಬ್ರಿಟನ್ನಿನಲ್ಲಿರಲಿಲ್ಲ. ತನ್ನ ಕಾಯ್ದ ಕಾಡಿಗೆ ಬೇರೊಬ್ಬ ಬೇಟೆಗಾರನು ಕಾಲಿಟ್ಟನೆಂದು ಅವನು ಸಿಡುಕಲಿಲ್ಲ, ಸಂತೋಷದಿಂದ ಬರಮಾಡಿಕೊಂಡನು. ಮ್ಯಾಕ್ಸ್‌ವೆಲ್ಲನು ಕೈಗೊಂಡ ನಿಯಮವೂ ಅಪೂರ್ವವಾದುದು. ಮೈಕೇಲ್ ಫ್ಯಾರಡೆಯ ಪ್ರಯೋಗಗ್ರಂಥವನ್ನು ಆದ್ಯಂತವಾಗಿ ಓದಿ ಮುಗಿಸುವವರೆಗೆ ವಿದ್ಯುತ್ತನ್ನು ಕುರಿತ ಯಾವ ಗಣಿತವನ್ನೂ ಓದಬಾರದೆಂದು ಆ ಗಣಿತಪಟುವು ನಿಶ್ಚಯಿಸಿದನು.

ಕಮ್ಮಾರನ ಮಗ ಮತ್ತು ಗಣಿತಪಂಡಿತ

ಫ್ಯಾರಡೆಯು 1791ರಲ್ಲಿ ಲಂಡನ್ನಿನ ಬಳಿ ಬಡ ಕಮ್ಮಾರನೊಬ್ಬನ ಮಗನಾಗಿ ಹುಟ್ಟಿದವನು. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟುಕಟ್ಟುವ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯಾವಂತನಾದನು. ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞನ ಉಪನ್ಯಾಸಗಳನ್ನು ಬರೆದುಕೊಂಡು, ಅಂದವಾಗಿ ಕಟ್ಟಿ ಅವನಿಗೇ ಕಳುಹಿಸಿ, 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸವನ್ನು ಪಡೆದನು. ಮ್ಯಾಕ್ಸ್‌ವೆಲ್ಲನು ಹುಟ್ಟಿದ 1831ನೆಯ ಇಸವಿಯಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ಫ್ಯಾರಡೆಯು ವಿದ್ಯುತ್ಕಾಂತ ಪ್ರೇರಣೆಯನ್ನು ಕಂಡುಹಿಡಿದನು. ಅಯಸ್ಕಾಂತ ಶಕ್ತಿಯು ವ್ಯತ್ಯಾಸ ಹೊಂದುತ್ತಿದ್ದರೆ ಸಮೀಪದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿಯುತ್ತದೆಂಬ ಈ ಒಂದು ಸಂಗತಿಯೇ ಜಗತ್ತಿನ ಎಲ್ಲ ಜಲವಿದ್ಯುದಾಗಾರಗಳ ತಳಹದಿ.

ಕಾಗದದ ಮೇಲೆ ಕಬ್ಬಿಣದ ಅರಪುಡಿಯನ್ನು ಉದುರಿಸಿ ಕೆಳಗೆ ಸೂಜಿಗಲ್ಲನ್ನಿಟ್ಟರೆ ಪುಡಿಯು ಬಾಗಿದ ಗೆರೆಗಳಾಗಿ ನಿಲ್ಲುತ್ತದೆ. ಶಾಲೆಯ ಮಕ್ಕಳೆಲ್ಲರೂ ಕಂಡಿರುವ ಈ ಗೆರೆಗಳಲ್ಲಿ ಫ್ಯಾರಡೆಯು ಜಗತ್ತಿನ ಒಂದು ಗುಟ್ಟನ್ನು ಕಂಡನು. ಬಲವೆಂಬುದು ಒಂದು ವಸ್ತುವಿನಿಂದ ಇನ್ನೊಂದಕ್ಕೆ ನಡುವೆ ಏನೂ ಇಲ್ಲದೆ ನೆಗೆಯುವುದಲ್ಲ. ನಡುವಣ ಅವಕಾಶವೆಲ್ಲವೂ ಬಲರೇಖೆಗಳಿಂದ ತುಂಬಿದ ಕ್ಷೇತ್ರವಾಗಿದೆ ಎಂಬುದು ಅವನ ದರ್ಶನ. ಆದರೆ ಅವನಿಗೆ ಗಣಿತ ಬಾರದು. ಆದುದರಿಂದ ಅವನ ಪ್ರಯೋಗಗಳನ್ನು ಮೆಚ್ಚಿದ ವಿದ್ವಾಂಸರೂ ಅವನ ಬಲರೇಖೆಗಳನ್ನು ಶಾಸ್ತ್ರವೆಂದು ಒಪ್ಪಲಿಲ್ಲ.

ಆ ಬಲರೇಖೆಗಳಿಗೆ ಗಣಿತದ ಭಾಷೆಯನ್ನು ಕೊಟ್ಟವನು ಮ್ಯಾಕ್ಸ್‌ವೆಲ್. 1855ರ ಕೊನೆಯಲ್ಲಿಯೂ 1856ರ ಮೊದಲಿನಲ್ಲಿಯೂ ಕೇಂಬ್ರಿಜ್ಜಿನಲ್ಲಿ ಓದಿದ ಪ್ರಬಂಧದಲ್ಲಿ ಅವನು ಬಲರೇಖೆಗಳನ್ನು ನಾಳಗಳಲ್ಲಿ ಹರಿಯುವ ದ್ರವಕ್ಕೆ ಹೋಲಿಸಿ, ಫ್ಯಾರಡೆಯ ಮಾತುಗಳು ಗಣಿತಕ್ಕೆ ವಿರೋಧವಲ್ಲವೆಂದು ತೋರಿಸಿದನು. ಅದರ ಪ್ರತಿಯೊಂದು ಫ್ಯಾರಡೆಗೆ ತಲುಪಿತು. 1857ರ ಮಾರ್ಚ್ 25ರಂದು ಅರವತ್ತೈದು ವರ್ಷದ ಆ ವೃದ್ಧನು ಇಪ್ಪತ್ತೈದು ವರ್ಷದ ತರುಣನಿಗೆ ಉತ್ತರ ಬರೆದನು. ತನ್ನ ವಿಷಯದ ಮೇಲೆ ಅಷ್ಟೊಂದು ಗಣಿತದ ಬಲವನ್ನು ಹೂಡಿದುದನ್ನು ಕಂಡು ಮೊದಲು ಭಯವೇ ಆಯಿತೆಂದೂ, ಆಮೇಲೆ ವಿಷಯವು ಆ ಭಾರವನ್ನು ಚೆನ್ನಾಗಿ ತಾಳಿಕೊಂಡುದನ್ನು ಕಂಡು ಬೆರಗಾಯಿತೆಂದೂ ಅವನು ತಿಳಿಸಿದನು.

ಅದೇ ವರ್ಷ ನವೆಂಬರ್ 13ರಂದು ಬರೆದ ಇನ್ನೊಂದು ಪತ್ರವು ಅಧ್ಯಾಪಕರಾದವರೆಲ್ಲರೂ ಅರಿತಿರಬೇಕಾದುದು. ಅದರಲ್ಲಿ ಫ್ಯಾರಡೆಯು ಒಂದು ಬಿನ್ನಹವನ್ನು ಮಾಡಿಕೊಂಡಿದ್ದಾನೆ. ಗಣಿತಜ್ಞನು ತನ್ನ ಸಂಕೇತಗಳ ಮೂಲಕ ನಿರ್ಣಯಗಳನ್ನು ಪಡೆದ ಮೇಲೆ, ಆ ನಿರ್ಣಯಗಳನ್ನು ಸಾಮಾನ್ಯರ ಮಾತಿನಲ್ಲಿಯೂ ಅಷ್ಟೇ ಪೂರ್ಣವಾಗಿ, ಸ್ಪಷ್ಟವಾಗಿ ಹೇಳಬಾರದೇಕೆ? ಹಾಗೆ ಹೇಳಿದರೆ ತನ್ನಂತಹ ಪ್ರಯೋಗಶೀಲರೂ ಅವನ್ನು ಹಿಡಿದು ಮುಂದೆ ಕೆಲಸ ಮಾಡಬಹುದಲ್ಲವೆ? ಮ್ಯಾಕ್ಸ್‌ವೆಲ್ಲನು ತನ್ನ ನಿರ್ಣಯಗಳನ್ನು ತನಗೆ ಸ್ಪಷ್ಟವಾಗಿ ತಿಳಿಯುವಂತೆ ಹೇಳಬಲ್ಲನೆಂಬುದನ್ನೂ ಅವನು ನೆನೆದಿದ್ದಾನೆ. ಜಗತ್ಪ್ರಸಿದ್ಧನಾದವನು ತನಗೆ ತಿಳಿಯದೆಂದು ಕಿರಿಯನ ಮುಂದೆ ಒಪ್ಪಿಕೊಂಡ ಪರಿಯು ದೊಡ್ಡದು. ಶಾಸ್ತ್ರದ ಮರ್ಮವು ಶಾಸ್ತ್ರಿಗಳ ಭಾಷೆಯಲ್ಲಿಯೇ ಉಳಿಯಬಾರದು, ದುಡಿಯುವ ಜನರ ನುಡಿಗೆ ಇಳಿಯಬೇಕು ಎಂಬ ಈ ಹಂಬಲವು ಕನ್ನಡದಲ್ಲಿ ವಚನಗಳನ್ನು ನುಡಿದ ಶರಣರ ನಾಡಿಗೆ ಹೊಸದಲ್ಲ. ಪಂಡಿತನು ಕಮ್ಮಾರನ ಮಗನ ಕಾಣ್ಕೆಯನ್ನು ಗಣಿತಕ್ಕೆ ತಂದನು. ಕಮ್ಮಾರನ ಮಗನು ಪಂಡಿತನ ಗಣಿತವನ್ನು ಜನರ ಮಾತಿಗೆ ತರಬೇಕೆಂದು ಕೇಳಿದನು. ಮ್ಯಾಕ್ಸ್‌ವೆಲ್ಲನು ಆ ಮಾತನ್ನು ಮರೆಯಲಿಲ್ಲ. ಮುಂದೆ ಶಾಖವನ್ನು ಕುರಿತೂ ಚಲನೆಯನ್ನು ಕುರಿತೂ ಸಾಮಾನ್ಯ ವಿದ್ಯಾರ್ಥಿಗಳಿಗೆ ತಿಳಿಯುವಂತಹ ಗ್ರಂಥಗಳನ್ನು ಬರೆದನು. ತಾನಿದ್ದ ಊರುಗಳಲ್ಲಿ ಕಾರ್ಮಿಕರಿಗೆ ಸಂಜೆಯ ಪಾಠಗಳನ್ನು ಹೇಳಿದನು.

ಈಥರೆಂಬ ಊಹೆ

ಬಲವು ನಡುವಣ ಅವಕಾಶದಲ್ಲಿ ನೆಲೆಸಿದೆಯೆಂದರೆ ಆ ಅವಕಾಶದಲ್ಲಿರುವುದೇನು? ಈ ಪ್ರಶ್ನೆಗೆ ಆ ಕಾಲದ ವಿದ್ವಾಂಸರು ಕೊಟ್ಟ ಉತ್ತರ ಈಥರ್. ಕೆರೆಗೆ ಕಲ್ಲೆಸೆದರೆ ಅಲೆಯೇಳಲು ನೀರು ಬೇಕು. ಗಂಟೆ ಬಾರಿಸಿದರೆ ನಾದವು ಸಾಗಲು ಗಾಳಿ ಬೇಕು. ಬೆಳಕೂ ಒಂದು ಅಲೆಯೆಂಬುದು ಆಗಲೇ ಸಿದ್ಧವಾಗಿತ್ತು. ಹಾಗಾದರೆ ಸೂರ್ಯನಿಂದ ಭೂಮಿಯವರೆಗೆ ಆ ಅಲೆಯನ್ನು ಹೊರುವ ಸೂಕ್ಷ್ಮವಸ್ತುವೊಂದು ಎಲ್ಲೆಡೆ ತುಂಬಿರಲೇಬೇಕೆಂದು ಅವರು ತರ್ಕಿಸಿದರು.

ನಮ್ಮ ನ್ಯಾಯ ವೈಶೇಷಿಕ ದರ್ಶನಗಳು ಶಬ್ದಗುಣಕ್ಕೆ ಆಶ್ರಯವಾಗಿ ಆಕಾಶವೆಂಬ ಒಂದೇ ಆದ, ಸರ್ವವ್ಯಾಪಿಯಾದ, ನಿತ್ಯವಾದ ದ್ರವ್ಯವನ್ನು ಹೇಳಿವೆ. ಈಥರಿಗೂ ಆಕಾಶಕ್ಕೂ ಹೋಲಿಕೆಯುಂಟು. ಗುಣವಿದ್ದಲ್ಲಿ ಆಶ್ರಯವಿರಬೇಕೆಂಬ ತರ್ಕವು ಎರಡರಲ್ಲಿಯೂ ಇದೆ. ಆದರೆ ಇವೆರಡೂ ಒಂದೇ ಎಂದು ಹೆಮ್ಮೆ ತಾಳುವುದು ಸಲ್ಲದು. ದರ್ಶನಗಳ ಆಕಾಶವು ಶಬ್ದದ ಆಶ್ರಯ, ಈಥರು ಬೆಳಕಿನ ವಾಹಕ. ಒಂದನ್ನು ಸ್ಥಾಪಿಸಿದ್ದು ಅನುಮಾನ ಪ್ರಮಾಣ, ಇನ್ನೊಂದನ್ನು ಪ್ರಯೋಗದ ಒರೆಗಲ್ಲಿಗೆ ಹಚ್ಚಿ ನೋಡಲಾಯಿತು.

ವಿಶೇಷವೆಂದರೆ, ಫ್ಯಾರಡೆಯು 1846ರಲ್ಲಿಯೇ ಒಂದು ಉಪನ್ಯಾಸದಲ್ಲಿ, ಬೆಳಕು ಬಲರೇಖೆಗಳದೇ ಕಂಪನವಾಗಿರಬಹುದು, ಹಾಗಿದ್ದಲ್ಲಿ ಈಥರಿನ ಅಗತ್ಯವೇ ಇಲ್ಲವೆಂದು ಸೂಚಿಸಿದ್ದನು. ಮ್ಯಾಕ್ಸ್‌ವೆಲ್ಲನು ಆ ಸೂಚನೆಯ ಮೊದಲ ಅರ್ಧವನ್ನು ಸ್ವೀಕರಿಸಿದನು; ಎರಡನೆಯ ಅರ್ಧವನ್ನು ಸ್ವೀಕರಿಸಲಿಲ್ಲ. ಈಥರಿನಲ್ಲಿ ಅವನಿಗೆ ದೃಢವಾದ ನಂಬಿಕೆಯಿತ್ತು.

ಗ್ಲೆನ್‌ಲೇರಿನ ಬೇಸಗೆ

1856ರಲ್ಲಿ ತಂದೆಯು ತೀರಿಕೊಂಡನು. ಅದೇ ವರ್ಷ ಮ್ಯಾಕ್ಸ್‌ವೆಲ್ಲನು ಅಬರ್ಡೀನಿನ ಮಾರಿಷಲ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಶನಿಗ್ರಹದ ಉಂಗುರಗಳು ಘನವೂ ಅಲ್ಲ, ದ್ರವವೂ ಅಲ್ಲ, ಅಸಂಖ್ಯ ಬಿಡಿಕಣಗಳ ಸಮೂಹವೆಂದು ಗಣಿತದಿಂದ ಸಾಧಿಸಿದ್ದು ಅಲ್ಲಿಯೇ. 1858ರಲ್ಲಿ ಕಾಲೇಜಿನ ಪ್ರಾಂಶುಪಾಲನ ಮಗಳಾದ ಕ್ಯಾಥರೀನ್ ಮೇರಿ ಡಿವಾರಳನ್ನು ವಿವಾಹವಾದನು. 1860ರಲ್ಲಿ ಊರಿನ ಎರಡು ಕಾಲೇಜುಗಳನ್ನು ಒಂದುಗೂಡಿಸಿದಾಗ ಅವನ ಹುದ್ದೆಯು ಹೋಯಿತು. ಎಡಿನ್‌ಬರೋದ ಪ್ರಾಧ್ಯಾಪಕ ಸ್ಥಾನಕ್ಕೆ ಅರ್ಜಿ ಹಾಕಿದರೆ ಅದು ಬಾಲ್ಯಮಿತ್ರನಾದ ಟೇಟನಿಗೆ ದೊರೆಯಿತು. ಮಕ್ಕಳಿಗೆ ತಿಳಿಯುವಂತೆ ಪಾಠ ಹೇಳುವ ಶಕ್ತಿ ಟೇಟನಲ್ಲಿ ಹೆಚ್ಚೆಂಬ ಅಭಿಪ್ರಾಯ ಆಗ ಪ್ರಕಟವಾಗಿತ್ತು. ಮೇಧಾವಿಯ ಆಲೋಚನೆಯು ಮಾತಿಗಿಂತ ಮುಂದೆ ಓಡುತ್ತಿದ್ದುದು ನಿಜ. ಈ ಸೋಲಿನಿಂದ ಮಿತ್ರರಲ್ಲಿ ಮನಸ್ತಾಪವೇನೂ ಹುಟ್ಟಲಿಲ್ಲ. ಆ ಬೇಸಗೆಯಲ್ಲಿಯೇ ಮ್ಯಾಕ್ಸ್‌ವೆಲ್ಲನಿಗೆ ಸಿಡುಬು ತಗುಲಿ ಪ್ರಾಣಾಪಾಯವಾದಾಗ, ಪತ್ನಿಯು ಹಗಲಿರುಳು ಶುಶ್ರೂಷೆ ಮಾಡಿ ಉಳಿಸಿಕೊಂಡಳು. ಬಳಿಕ ಅವನು ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಪ್ರಾಧ್ಯಾಪಕನಾಗಿ ತೆರಳಿದನು.

1861ರಲ್ಲಿ ಅವನು ಈಥರನ್ನು ಒಂದು ಯಂತ್ರದಂತೆ ಕಲ್ಪಿಸಿಕೊಂಡನು. ಅವಕಾಶವೆಲ್ಲ ತಿರುಗುವ ಸಣ್ಣ ಸುಳಿಗಳಿಂದ ತುಂಬಿದೆ. ಸುಳಿಗಳ ನಡುವೆ ಗುಂಡುಗಳಂತಹ ಕಣಗಳಿವೆ. ಸುಳಿಗಳ ತಿರುಗುವಿಕೆಯೇ ಅಯಸ್ಕಾಂತ ಶಕ್ತಿ, ಗುಂಡುಗಳ ಸರಿದಾಟವೇ ವಿದ್ಯುತ್ತು. ಇಂತಹ ಮಾಧ್ಯಮವು ಸ್ವಲ್ಪ ಜಗ್ಗುವ ಗುಣವುಳ್ಳದ್ದಾದರೆ ಅದರಲ್ಲಿ ಅಲೆಗಳು ಏಳಲೇಬೇಕು. ಆ ಅಲೆಯ ವೇಗವೆಷ್ಟು? ಗ್ಲೆನ್‌ಲೇರಿನ ಮನೆಯಲ್ಲಿ ಬೇಸಗೆಯ ರಜೆಯಲ್ಲಿ ಅವನು ಸೂತ್ರವನ್ನು ಸಿದ್ಧಪಡಿಸಿದನು. ಅದಕ್ಕೆ ಬೇಕಾದ ಅಂಕಿಯನ್ನು ಜರ್ಮನಿಯ ವೇಬರ್ ಮತ್ತು ಕೋಲ್‌ರೌಷ್ ಎಂಬ ವಿದ್ವಾಂಸರು ಕೇವಲ ವಿದ್ಯುತ್ತಿನ ಅಳತೆಗಳಿಂದ ಪಡೆದಿದ್ದರು. ಲಂಡನ್ನಿಗೆ ಹಿಂದಿರುಗಿ ಆ ಅಂಕಿಯನ್ನು ಸೂತ್ರದಲ್ಲಿ ಇಟ್ಟಾಗ ಬಂದ ವೇಗ ಸೆಕೆಂಡಿಗೆ 1,93,088 ಮೈಲಿ. ಫ್ರಾನ್ಸಿನ ಫಿಜೋ ಎಂಬವನು ಹಲ್ಲುಗಾಲಿಯ ಮೂಲಕ ಬೆಳಕನ್ನು ಹಾಯಿಸಿ ಅಳೆದಿದ್ದ ಬೆಳಕಿನ ವೇಗವೂ ಹೆಚ್ಚುಕಡಿಮೆ ಅಷ್ಟೆ.

ವಿದ್ಯುತ್ತಿನ ಲೆಕ್ಕದಿಂದ ಬೆಳಕಿನ ವೇಗವು ದೊರೆಯಿತೆಂದರೆ ಬೆಳಕು ವಿದ್ಯುತ್ಕಾಂತದ ಅಲೆಯೇ ಹೊರತು ಬೇರೆಯಲ್ಲ. 1861ರ ಅಕ್ಟೋಬರ್ 19ರಂದು ಮ್ಯಾಕ್ಸ್‌ವೆಲ್ಲನು ಈ ಮಹತ್ತರ ಸಂಗತಿಯನ್ನು ಪತ್ರಮುಖೇನ ಫ್ಯಾರಡೆಗೆ ನಿವೇದಿಸಿದನು. ಬೆಳಕಿನ ವೇಗವು ಇಷ್ಟು ಸಮೀಪವಾಗಿದೆಯೆಂಬುದು ತಿಳಿಯುವ ಮೊದಲೇ ಸೂತ್ರಗಳನ್ನು ಹಳ್ಳಿಯಲ್ಲಿ ಕಂಡುಕೊಂಡಿದ್ದೆನೆಂದೂ ಬರೆದನು. ಉತ್ತರವನ್ನು ನೋಡಿಕೊಂಡು ಲೆಕ್ಕ ಹೊಂದಿಸಿದ್ದಲ್ಲವೆಂಬುದನ್ನು ಗುರುವಿಗೆ ಅರಿಕೆ ಮಾಡಿದ ಪ್ರಾಮಾಣಿಕತೆಯಿದು. ಆ ವೇಳೆಗೆ ಫ್ಯಾರಡೆಗೆ ಎಪ್ಪತ್ತು ವರ್ಷ. ನೆನಪಿನ ಶಕ್ತಿ ಕುಂದುತ್ತಿತ್ತು. 1867ರಲ್ಲಿ ಅವನು ಕಾಲವಾದನು.

1864ರ ಡಿಸೆಂಬರ್ 8ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಓದಿದ ಪ್ರಬಂಧದಲ್ಲಿ ಮ್ಯಾಕ್ಸ್‌ವೆಲ್ಲನು ಸುಳಿಗಳನ್ನೂ ಗುಂಡುಗಳನ್ನೂ ಕೈಬಿಟ್ಟು, ಇಪ್ಪತ್ತು ಸಮೀಕರಣಗಳನ್ನು ಮಾತ್ರ ಮುಂದಿಟ್ಟನು. ಗೋಪುರವು ನಿಂತ ಮೇಲೆ ಸಾರವೆಯನ್ನು ಬಿಚ್ಚುವಂತೆ ಕಲ್ಪನೆಯ ಯಂತ್ರವನ್ನು ಕಳಚಿದನು, ಸಮೀಕರಣಗಳು ಅಲುಗಲಿಲ್ಲ. ಬೆಳಕನ್ನು ಕುರಿತ ತನ್ನ ಸಿದ್ಧಾಂತವು ಫ್ಯಾರಡೆಯು 1846ರಲ್ಲಿ ಸೂಚಿಸಿದುದೇ ಎಂಬುದನ್ನು ಆ ಪ್ರಬಂಧದಲ್ಲಿ ಹೇಳಲು ಅವನು ಹಿಂಜರಿಯಲಿಲ್ಲ.

ಕಾರ್ಡುಗಳ ಗೋಷ್ಠಿ

1865ರಲ್ಲಿ ಹುದ್ದೆಯನ್ನು ಬಿಟ್ಟು ಮ್ಯಾಕ್ಸ್‌ವೆಲ್ಲನು ಗ್ಲೆನ್‌ಲೇರಿಗೆ ಹಿಂದಿರುಗಿ, ಜಮೀನನ್ನು ನೋಡಿಕೊಳ್ಳುತ್ತ ತನ್ನ ಮಹಾಗ್ರಂಥದ ರಚನೆಯಲ್ಲಿ ತೊಡಗಿದನು. 1870ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯು ಅರ್ಧ ಪೆನ್ನಿಯ ಕಾರ್ಡುಗಳನ್ನು ಹೊರಡಿಸಿದ ಮೇಲೆ ಅವನಿಗೂ ಟೇಟನಿಗೂ ಥಾಮ್ಸನ್ನನಿಗೂ ನಡುವೆ ಕಾರ್ಡುಗಳ ಮಳೆಯೇ ಸುರಿಯಿತು. ಸಂದೇಹ, ಪರಿಹಾರ, ಖಂಡನೆ, ಹಾಸ್ಯ ಎಲ್ಲವೂ ಆ ಚಿಕ್ಕ ಕಾರ್ಡಿನಲ್ಲಿ. ಉಷ್ಣಶಾಸ್ತ್ರದ ಒಂದು ಸೂತ್ರದ ಒಂದು ಪಾರ್ಶ್ವದಲ್ಲಿ ತನ್ನ ಹೆಸರಿನ ಮೂರು ಮೊದಲಕ್ಷರಗಳು ಬರುವುದನ್ನು ಕಂಡು, ಅವನು ಅದರ ಇನ್ನೊಂದು ಪಾರ್ಶ್ವವನ್ನೇ ತನ್ನ ಅಂಕಿತವಾಗಿ ಮಾಡಿಕೊಂಡಿದ್ದನು. ಥಾಮ್ಸನ್ನನು ಮ್ಯಾಕ್ಸ್‌ವೆಲ್ಲನ ಬೆಳಕಿನ ಸಿದ್ಧಾಂತವನ್ನು ಮನಸಾರೆ ಒಪ್ಪಲೇ ಇಲ್ಲ. ಆದರೂ ಪತ್ರಗಳು ನಿಲ್ಲಲಿಲ್ಲ, ಸ್ನೇಹವು ಸವೆಯಲಿಲ್ಲ.

1871ರಲ್ಲಿ ಕೇಂಬ್ರಿಜ್ಜಿನ ಕ್ಯಾವೆಂಡಿಷ್ ಪ್ರಾಧ್ಯಾಪಕ ಪೀಠಕ್ಕೆ ಮೊದಲಿಗನಾಗಿ ಬಂದು, ಒಬ್ಬ ಶ್ರೀಮಂತ ದಾನಿಯ ದ್ರವ್ಯದಿಂದ ನಿರ್ಮಾಣವಾದ ಪ್ರಯೋಗಶಾಲೆಯನ್ನು ಕಟ್ಟಿಸಿದನು. ಆ ದಾನಿಯು ವಿಶ್ವವಿದ್ಯಾನಿಲಯದ ಕುಲಾಧಿಪತಿಯಾದ ಡೆವನ್‌ಷೈರಿನ ಡ್ಯೂಕ್. 1874ರಲ್ಲಿ ಅದು ಕೆಲಸವನ್ನಾರಂಭಿಸಿತು. 1873ರಲ್ಲಿ ವಿದ್ಯುತ್ತು ಮತ್ತು ಅಯಸ್ಕಾಂತವನ್ನು ಕುರಿತ ಅವನ ಎರಡು ಸಂಪುಟಗಳ ಗ್ರಂಥವು ಹೊರಬಂದಿತ್ತು. ಆಮೇಲೆ ಅವನು ಕೈಗೊಂಡ ದೊಡ್ಡ ಕೆಲಸವು ಸ್ವಂತದ್ದಲ್ಲ. 1810ರಲ್ಲಿ ತೀರಿಹೋಗಿದ್ದ ಹೆನ್ರಿ ಕ್ಯಾವೆಂಡಿಷ್ ಎಂಬ ವಿಜ್ಞಾನಿಯ ಅಪ್ರಕಟಿತ ಹಸ್ತಪ್ರತಿಗಳನ್ನು ಪರಿಶೋಧಿಸಿ, ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿ, ಟಿಪ್ಪಣಿಗಳೊಡನೆ 1879ರಲ್ಲಿ ಪ್ರಕಟಿಸಿದನು. ಹಳೆಯ ಓಲೆಗರಿಗಳ ಗ್ರಂಥಸಂಪಾದನೆಯಲ್ಲಿ ಕಣ್ಣು ಸವೆಸಿದವರು ಈ ಶ್ರಮದ ಬೆಲೆಯನ್ನು ಬಲ್ಲರು. ಮಧ್ಯವಯಸ್ಸಿನ ಐದು ವರ್ಷಗಳನ್ನು ಪೂರ್ವಸೂರಿಯೊಬ್ಬನ ಋಣ ತೀರಿಸಲು ವಿನಿಯೋಗಿಸಿದವನಿಗೆ ಇನ್ನು ಉಳಿದಿದ್ದ ಆಯುಷ್ಯ ಅತ್ಯಲ್ಪ.

ಕೊನೆಯ ಪತ್ರ

1878ರಲ್ಲಿ ಬ್ರಿಟಾನಿಕ ವಿಶ್ವಕೋಶಕ್ಕೆ ಮ್ಯಾಕ್ಸ್‌ವೆಲ್ಲನು ಈಥರನ್ನು ಕುರಿತ ಲೇಖನವನ್ನು ಬರೆದನು. ಗ್ರಹಗಳ ನಡುವಣ ಅವಕಾಶವು ಬರಿದಲ್ಲ, ಅಲ್ಲಿ ಒಂದು ವಸ್ತುವು ತುಂಬಿದೆಯೆಂಬುದರಲ್ಲಿ ಸಂದೇಹವಿಲ್ಲವೆಂದು ಪ್ರತಿಪಾದಿಸಿದನು. ಆದರೆ ನಂಬಿದುದನ್ನು ಪರೀಕ್ಷೆಗೊಡ್ಡುವುದು ಅವನ ಸ್ವಭಾವ. ಭೂಮಿಯು ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಿಂದ ಸೂರ್ಯನನ್ನು ಸುತ್ತುತ್ತಿದೆ. ಈಥರೆಂಬುದಿದ್ದರೆ ಭೂಮಿಯು ಅದರೊಳಗೆ ಹಾದುಹೋಗುತ್ತಿರಬೇಕು. ಆ ಚಲನೆಯನ್ನು ಅಳೆಯುವ ಬಗೆಯೆಂತು?

ಕಾವೇರಿಯ ಹರಿವಿನಲ್ಲಿ ಇಬ್ಬರು ಈಜುಗಾರರು ಸಮಬಲರೆಂದು ಭಾವಿಸಬಹುದು. ಒಬ್ಬನು ನದಿಗೆ ಅಡ್ಡಲಾಗಿ ಎದುರುದಡಕ್ಕೆ ಹೋಗಿ ಬರಲಿ. ಇನ್ನೊಬ್ಬನು ಅಷ್ಟೇ ದೂರ ಹರಿವಿನೊಡನೆ ಕೆಳಕ್ಕೆ ಹೋಗಿ, ಹರಿವಿಗೆದುರಾಗಿ ಹಿಂದಿರುಗಲಿ. ಇಬ್ಬರೂ ಒಟ್ಟಿಗೆ ಬಂದು ಸೇರುವುದಿಲ್ಲ; ಅಡ್ಡಲಾಗಿ ಹೋದವನು ಮೊದಲು ಬರುತ್ತಾನೆ. ಈಥರಿನ ಹರಿವಿನಲ್ಲಿ ಬೆಳಕಿಗೂ ಇದೇ ಗತಿ. ಆದರೆ ಭೂಮಿಯ ವೇಗವು ಬೆಳಕಿನ ವೇಗದ ಹತ್ತು ಸಾವಿರದ ಒಂದು ಪಾಲು. ಹೋಗಿಬರುವ ಬೆಳಕಿನಲ್ಲಿ ಕಾಣಬೇಕಾದ ವ್ಯತ್ಯಾಸವು ಅದರ ವರ್ಗವನ್ನು, ಅಂದರೆ ಹತ್ತು ಕೋಟಿಯ ಒಂದು ಪಾಲನ್ನು, ಅವಲಂಬಿಸಿರುತ್ತದೆ. ಇದನ್ನು ಭೂಮಿಯ ಮೇಲೆ ಅಳೆಯುವುದು ಅಸಾಧ್ಯವೆಂದು ಮ್ಯಾಕ್ಸ್‌ವೆಲ್ಲನು ಎಣಿಸಿದನು. ಆದುದರಿಂದ ಗುರುಗ್ರಹದ ಉಪಗ್ರಹಗಳ ಗ್ರಹಣಕಾಲಗಳಿಂದ ಅದನ್ನು ತಿಳಿಯಬಹುದೇ ಎಂದು ಯೋಚಿಸಿ, 1879ರ ಮಾರ್ಚ್ 19ರಂದು ಅಮೆರಿಕದ ವಾಷಿಂಗ್ಟನ್ನಿನ ನಾವಿಕ ಪಂಚಾಂಗದ ಕಚೇರಿಯಲ್ಲಿದ್ದ ಡೇವಿಡ್ ಟಾಡ್ ಎಂಬ ಖಗೋಳಜ್ಞನಿಗೆ ಪತ್ರ ಬರೆದನು. ಅವನ ಕೋಷ್ಟಕಗಳಲ್ಲಿ ಅಷ್ಟು ಸೂಕ್ಷ್ಮವಾದ ನಿಖರತೆಯಿದೆಯೇ ಎಂಬುದು ಪ್ರಶ್ನೆ. ಇಪ್ಪತ್ತೈದು ವರ್ಷಗಳ ಹಿಂದೆ ಥಾಮ್ಸನ್ನನಿಗೆ ಬರೆದ ಪತ್ರದಂತೆಯೇ ಇದೂ ತಿಳಿಯದವನು ತಿಳಿದವನನ್ನು ಕೇಳಿದ ಪತ್ರ.

ಆ ವೇಳೆಗಾಗಲೇ ತಾಯಿಯನ್ನು ಕೊಂಡೊಯ್ದ ರೋಗವೇ ಮಗನನ್ನೂ ಹಿಡಿದಿತ್ತು. ಶರತ್ಕಾಲದಲ್ಲಿ ವೈದ್ಯರು ಇನ್ನು ಹೆಚ್ಚು ದಿನವಿಲ್ಲವೆಂದು ತಿಳಿಸಿದರು. ತನ್ನ ನೋವಿಗಿಂತ ಹೆಂಡತಿಯ ಅಸ್ವಸ್ಥತೆಯ ಚಿಂತೆಯೇ ಅವನಿಗೆ ಹೆಚ್ಚಾಗಿತ್ತು. 1879ರ ನವೆಂಬರ್ 5ರಂದು, ನಲವತ್ತೆಂಟನೆಯ ವಯಸ್ಸಿನಲ್ಲಿ, ಮ್ಯಾಕ್ಸ್‌ವೆಲ್ಲನು ಕೇಂಬ್ರಿಜ್ಜಿನಲ್ಲಿ ದೇಹವನ್ನು ಬಿಟ್ಟನು. ಗ್ಲೆನ್‌ಲೇರಿಗೆ ಸಮೀಪದ ಪಾರ್ಟನ್ ಎಂಬ ಹಳ್ಳಿಯ ಚರ್ಚಿನ ಆವರಣದಲ್ಲಿ, ತಂದೆತಾಯಿಗಳ ಬಳಿಯಲ್ಲಿ, ಅವನ ಸಮಾಧಿಯಿದೆ.

ಪತ್ರದ ಫಲ

ಟಾಡನಿಗೆ ಬರೆದ ಪತ್ರವು 1880ರಲ್ಲಿ ಪ್ರಕಟವಾಯಿತು. ಅದೇ ಪಂಚಾಂಗದ ಕಚೇರಿಯಲ್ಲಿದ್ದ ಆಲ್ಬರ್ಟ್ ಮೈಕೆಲ್‌ಸನ್ ಎಂಬ ತರುಣನ ಮನಸ್ಸನ್ನು ಅದು ಹಿಡಿಯಿತು. ಮ್ಯಾಕ್ಸ್‌ವೆಲ್ಲನು ಅಸಾಧ್ಯವೆಂದು ಬಿಟ್ಟುದನ್ನು ಸಾಧಿಸಬೇಕೆಂದು ಅವನು ಸಂಕಲ್ಪಿಸಿದನು. ಒಂದೇ ಬೆಳಕನ್ನು ಎರಡಾಗಿ ಸೀಳಿ, ಈಜುಗಾರರಂತೆ ಎರಡು ದಿಕ್ಕಿಗೆ ಕಳುಹಿಸಿ, ಮತ್ತೆ ಕೂಡಿಸಿ ನೋಡುವ ಉಪಕರಣವನ್ನು ನಿರ್ಮಿಸಿ, 1881ರಲ್ಲಿ ಜರ್ಮನಿಯ ಪಾಟ್ಸ್‌ಡಾಮಿನಲ್ಲಿ ಪರೀಕ್ಷಿಸಿದನು. 1887ರಲ್ಲಿ ಎಡ್ವರ್ಡ್ ಮಾರ್ಲಿಯ ಜೊತೆಗೂಡಿ, ಪಾದರಸದ ಮೇಲೆ ತೇಲುವ ಕಲ್ಲಿನ ಚಪ್ಪಡಿಯ ಮೇಲೆ ಉಪಕರಣವನ್ನಿಟ್ಟು, ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಇನ್ನೂ ಸೂಕ್ಷ್ಮವಾಗಿ ಅಳೆದನು. ನಿರೀಕ್ಷಿಸಿದ ವ್ಯತ್ಯಾಸದ ಇಪ್ಪತ್ತನೆಯ ಒಂದು ಪಾಲೂ ಕಾಣಲಿಲ್ಲ. ಇಬ್ಬರು ಈಜುಗಾರರೂ ಒಟ್ಟಿಗೆ ದಡ ಸೇರಿದರು. ನದಿಯು ಹರಿಯುತ್ತಿರುವ ಕುರುಹೇ ಇಲ್ಲ.

ಇತ್ತ ಮ್ಯಾಕ್ಸ್‌ವೆಲ್ಲನ ಸಿದ್ಧಾಂತಕ್ಕೆ ಹೊಸ ಪತ್ರಗೋಷ್ಠಿಯೊಂದು ಹುಟ್ಟಿಕೊಂಡಿತ್ತು. ತಂತಿ ಕಂಪನಿಯ ಕೆಲಸವನ್ನು ಬಿಟ್ಟು ಮನೆಯಲ್ಲಿಯೇ ಕುಳಿತು ಸ್ವಯಂ ಗಣಿತವನ್ನು ಕಲಿತ ಆಲಿವರ್ ಹೆವಿಸೈಡ್, ಡಬ್ಲಿನ್ನಿನ ಫಿಟ್ಸ್‌ಜೆರಾಲ್ಡ್, ಲಿವರ್‌ಪೂಲಿನ ಆಲಿವರ್ ಲಾಡ್ಜ್ ಇವರು ಪರಸ್ಪರ ಪತ್ರ ಬರೆದುಕೊಳ್ಳುತ್ತ ಆ ಕಠಿಣ ಗ್ರಂಥವನ್ನು ಬಿಡಿಸಿದರು. ಇಂದು ಕಾಲೇಜುಗಳಲ್ಲಿ ಕಲಿಸುವ ನಾಲ್ಕು ಸಮೀಕರಣಗಳ ರೂಪವು ಬಹುಮಟ್ಟಿಗೆ ಹೆವಿಸೈಡನ ಕೊಡುಗೆ. 1888ರ ವೇಳೆಗೆ ಜರ್ಮನಿಯ ಹೈನ್ರಿಕ್ ಹರ್ಟ್ಸನು ವಿದ್ಯುತ್ಕಾಂತದ ಅಲೆಗಳನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸಿ ಹಿಡಿದು ತೋರಿಸಿದನು. ಅಲೆಗಳು ನಿಜವಾದವು, ಅವುಗಳನ್ನು ಹೊರಬೇಕಾಗಿದ್ದ ಈಥರು ಮಾತ್ರ ಸಿಕ್ಕಲಿಲ್ಲ. 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನನು ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಹಾಗೆಯೇ ಉಳಿಸಿಕೊಂಡು, ಈಥರು ಅನಾವಶ್ಯಕವೆಂದು ತೋರಿಸಿದನು. ಮ್ಯಾಕ್ಸ್‌ವೆಲ್ಲನು ತೀರಿದ 1879ನೆಯ ಇಸವಿಯೇ ಐನ್‌ಸ್ಟೈನನು ಹುಟ್ಟಿದ ವರ್ಷ. ಈಥರು ಬೇಡವೆಂದು ಗಣಿತವರಿಯದ ಫ್ಯಾರಡೆಯು 1846ರಲ್ಲಿ ಆಡಿದ ಮಾತಿಗೆ ಹೀಗೆ ಸುಮಾರು ಅರವತ್ತು ವರ್ಷಗಳ ಮೇಲೆ ಬೆಲೆ ಬಂದಿತು.

ನಮ್ಮ ನಾಡಿಗೆ ಬಂದ ಬೆಳಕು

ಈ ವಿದ್ಯೆಯು ಮೈಸೂರು ಸೀಮೆಗೆ ಬರಲು ತಡವಾಗಲಿಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರವು ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನಲ್ಲಿಯೂ 1908ರಲ್ಲಿ ಮೈಸೂರಿನಲ್ಲಿಯೂ ವಿದ್ಯುದ್ದೀಪಗಳು ಬೆಳಗಿದವು. ಪಿರಿಯಾಪಟ್ಟಣದ ಎಲ್ಲೆಯನ್ನು ತಾಗಿ ಕೃಷ್ಣರಾಜನಗರದ ಕಡೆಗೆ ಹರಿಯುವ ಕಾವೇರಿ, ಹುಣಸೂರನ್ನು ಹಾದು ಬರುವ ಲಕ್ಷ್ಮಣತೀರ್ಥ, ಹೆಗ್ಗಡದೇವನಕೋಟೆಯ ಕಪಿಲೆ, ಇವೆಲ್ಲವೂ ಕೂಡಿಕೊಂಡು ಶಿವನಸಮುದ್ರದಲ್ಲಿ ಧುಮುಕುತ್ತವೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸವು ಆರಂಭವಾದಾಗ, ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ತಪ್ಪದೆ ನೀರೊದಗಿಸುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಈ ನಾಲ್ಕು ತಾಲ್ಲೂಕುಗಳ ನೀರು ಕಮ್ಮಾರನ ಮಗನ ನಿಯಮದಂತೆ ಬೆಳಕಾಗಿ ಹಿಂದಿರುಗಿ ಬಂದಿತೆನ್ನಬಹುದು.

ಹರ್ಟ್ಸನ ಅಲೆಗಳನ್ನು ಇನ್ನಷ್ಟು ಸೂಕ್ಷ್ಮವಾಗಿಸಿ 1895ರಲ್ಲಿ ಕಲ್ಕತ್ತೆಯಲ್ಲಿ ಪ್ರದರ್ಶಿಸಿದವರು ಆಚಾರ್ಯ ಜಗದೀಶಚಂದ್ರ ಬೋಸರು. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಅದು ಪಡೆದ ಹೆಸರು ಆಕಾಶವಾಣಿ. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಯ ಹೆಸರಾಯಿತು. ಶಬ್ದಕ್ಕೆ ಆಕಾಶವೇ ಆಶ್ರಯವೆಂದ ಪ್ರಾಚೀನರ ನುಡಿಯೂ, ಅವಕಾಶದಲ್ಲಿ ಅಲೆಯುಂಟೆಂದ ಮ್ಯಾಕ್ಸ್‌ವೆಲ್ಲನ ಗಣಿತವೂ ಆ ಒಂದು ಹೆಸರಿನಲ್ಲಿ ಅಂದವಾಗಿ ಕೂಡಿಕೊಂಡಿವೆ.

ಉಪಸಂಹಾರ

ಮ್ಯಾಕ್ಸ್‌ವೆಲ್ಲನ ಬಾಳು ದೀರ್ಘವಾದುದಲ್ಲ. ಅವನ ಸಿದ್ಧಾಂತದ ಜಯವನ್ನು ಅವನು ಕಣ್ಣಾರೆ ಕಾಣಲಿಲ್ಲ. ಅವನು ದೃಢವಾಗಿ ನಂಬಿದ್ದ ಈಥರು ನಿಲ್ಲಲಿಲ್ಲ. ಅದನ್ನು ಕೆಡವಿದ ಪ್ರಯೋಗವು ಅವನದೇ ಪ್ರಶ್ನೆಯಿಂದ ಹುಟ್ಟಿತು. ತನ್ನ ನಂಬಿಕೆಯನ್ನು ಅಳೆಯುವ ಕೋಲನ್ನು ತಾನೇ ಇನ್ನೊಬ್ಬನ ಕೈಗೆ ಕೊಟ್ಟು ಹೋದವನು ಅವನು. ಇದರಿಂದ ಅವನ ಕೀರ್ತಿಗೆ ಕುಂದೇನೂ ಬಂದಿಲ್ಲ, ಬದಲಾಗಿ ಅದು ಬೆಳೆದಿದೆ.

ವಿದ್ಯಾಸಂಸ್ಥೆಯೊಂದಕ್ಕೆ ಕಟ್ಟಡವನ್ನು ದಾನಿಗಳು ಕೊಡಬಲ್ಲರು, ಪಾಠವನ್ನು ಅಧ್ಯಾಪಕರು ಹೇಳಬಲ್ಲರು, ಹೆಸರನ್ನು ಹಳೆಯ ವಿದ್ಯಾರ್ಥಿಗಳು ತರಬಲ್ಲರು. ಆದರೆ ಇವೆಲ್ಲಕ್ಕೂ ಜೀವ ಬರುವುದು, ಹಿಂದಿನ ಸಾಲಿನಲ್ಲಿ ಕುಳಿತ ಹಳ್ಳಿಯ ಮಗುವೊಂದು ಅಳುಕದೆ ಎದ್ದು ನಿಂತು, ಇದು ಹೇಗೆ ಎಂದು ಕೇಳಿದಾಗ. ಕೇಳಿಸಿಕೊಂಡ ಗುರುವು, ತಿಳಿದಿದ್ದರೆ ಅದನ್ನು ಮಗುವಿನ ಮಾತಿನಲ್ಲಿ ಹೇಳಿ, ತಿಳಿಯದಿದ್ದರೆ ಬಲ್ಲವರಿಗೆ ಒಂದು ಪತ್ರ ಬರೆದು ಕೇಳಿದಾಗ. ಕಮ್ಮಾರನ ಮಗನೂ ಜಮೀನುದಾರನ ಮಗನೂ ಒಂದೂವರೆ ಶತಮಾನಕ್ಕೂ ಹಿಂದೆ ಮಾಡಿದುದು ಅದನ್ನೇ. ಅಂತಹ ಪ್ರಶ್ನೆಗಳು ಈ ಸೀಮೆಯ ಶಾಲೆಗಳಲ್ಲಿ ಎಂದೆಂದಿಗೂ ಬತ್ತದಿರಲಿ.